ಕಬ್ಬಿಣಕ್ಕೆ ಕಿವಿಗೊಡುವ ಲೂರ್ದಮ್ಮ

ಬೆಳಗಿನ ಐದೂವರೆ. ಮಾಚೇನಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಇನ್ನೂ ಯಾವ ಯಂತ್ರವೂ ಎದ್ದಿಲ್ಲ. ಐವತ್ತಾರರ ಲೂರ್ದಮ್ಮ ತೆಂಗಿನಕಾಯಿ ಗಾತ್ರದ ಕಬ್ಬಿಣದ ಪೀಸೊಂದನ್ನು ಕೊಕ್ಕೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ತಟ್ಟಿ, ಉಸಿರು ಬಿಗಿಹಿಡಿದು ಕೇಳುತ್ತಾರೆ. ಠಣ್ಣೆಂದು ದನಿ ಎಳೆದರೆ ಪೀಸು ಗಟ್ಟಿ, ಅದಕ್ಕೊಂದು ಬಿಳಿ ಬೊಟ್ಟು. ಒಡಕು ದನಿ ಬಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕಿದೆ ಎಂದರ್ಥ.

ಎಂಟಕ್ಕೆ ಯಂತ್ರಗಳು ಶುರುವಾದರೆ ಏನೂ ಕೇಳಿಸದು. ಅಷ್ಟರೊಳಗೆ ಮುನ್ನೂರು ಪೀಸು ಮುಗಿಯಬೇಕು. ಅದಕ್ಕೇ ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು ಒಬ್ಬರೇ ಬರುತ್ತಾರೆ. ಗಂಡ ತೀರಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಮನೆಮಾತು ತಮಿಳು, ಪ್ರಾರ್ಥನೆಯೂ ತಮಿಳಿನಲ್ಲೇ. ಬಸ್ಸಿನ ಕಿಟಕಿಗೆ ತಲೆಯಾನಿಸಿ ದೇವರೊಂದಿಗೆ ಆಡುವ ಆ ಮಾತೇ ಅವರ ದಿನದ ದೊಡ್ಡ ಹರಟೆ.

ಎರಡು ವರ್ಷದ ಹಿಂದೆ ಆ ಮಾತು ನಿಂತುಹೋಗಿತ್ತು.

ಅಂದು ಲೂರ್ದಮ್ಮನಿಗೆ ಜ್ವರ. ಹೊರಗೆ ಲಾರಿ ಕಾಯುತ್ತಿತ್ತು. ಕೊನೆಯ ಎರಡು ಬುಟ್ಟಿಯನ್ನು ತಟ್ಟದೆಯೇ ಬೊಟ್ಟಿಟ್ಟು ಕಳಿಸಿದರು. ವಾರದಲ್ಲಿ ಬಿರುಕುಬಿಟ್ಟ ಪೀಸುಗಳು ವಾಪಸು ಬಂದವು. ಮ್ಯಾನೇಜರ್ ಶ್ರೀನಿವಾಸಮೂರ್ತಿ ಕೇಳಿದಾಗ, ತಾನು ಎಲ್ಲವನ್ನೂ ತಟ್ಟಿದ್ದೆ, ಲಾರಿಗೆ ಹಾಕುವಾಗ ಬಿದ್ದಿರಬೇಕು ಎಂದುಬಿಟ್ಟರು. ಲೋಡಿಂಗಿನ ಪುಟ್ಟಯ್ಯನ ಕೆಲಸ ಅಂದೇ ಹೋಯಿತು.

ಆ ಭಾನುವಾರ ಚರ್ಚಿನಲ್ಲಿ ಪರಮಪ್ರಸಾದಕ್ಕೆ ಎಲ್ಲರೂ ಸಾಲುಗಟ್ಟಿದಾಗ ಲೂರ್ದಮ್ಮ ಬೆಂಚಿನಲ್ಲೇ ಕೂತರು. ಮುಂದಿನ ಭಾನುವಾರವೂ ಅಷ್ಟೇ. ಹೀಗೆ ಹನ್ನೊಂದು ವಾರ.

"ಬೆಲ್ಲ ಕದ್ದ ಮಗು ಊಟಕ್ಕೆ ಬರಲ್ಲ ನೋಡಿ, ಹಾಗೆ. ಅಮ್ಮ ತಟ್ಟೆ ಹಾಕಿಟ್ಟಿರ್ತಾಳೆ, ಮಗು ಬಾಗಿಲ ಹಿಂದೆ ನಿಂತಿರುತ್ತೆ. ದೇವರು ಎಲ್ಲೂ ಹೋಗಿರ್ಲಿಲ್ಲ. ನನಗೇ ಅವನ ಮುಖ ನೋಡಕ್ಕಾಗ್ತಿರ್ಲಿಲ್ಲ" ಎನ್ನುತ್ತಾರೆ.

ಕೊನೆಗೆ ಪಾಪನಿವೇದನೆಗೆ ಹೋದರು. ದೇವರು ಕ್ಷಮಿಸುತ್ತಾನಮ್ಮ, ಆದರೆ ಪುಟ್ಟಯ್ಯನಿಗೆ ಅಂಟಿದ ಕಳಂಕ ತೊಳೆಯಬೇಕಾದವಳು ನೀನು ಎಂದರು ಫಾದರ್. ಮರುದಿನ ಲೂರ್ದಮ್ಮ ಮ್ಯಾನೇಜರ್ ಮುಂದೆ ನಿಂತು ಇದ್ದದ್ದನ್ನು ಇದ್ದಹಾಗೇ ಹೇಳಿದರು. ಕೆಲಸ ಹೋಗಲಿಲ್ಲ, ಆ ಕಿವಿ ಇನ್ನೊಬ್ಬರಿಗಿರಲಿಲ್ಲ. ಆದರೆ ಅಂದಿನಿಂದ ಪ್ರತಿ ಪೀಸಿಗೂ ಎರಡು ತಪಾಸಣೆ, ಲೂರ್ದಮ್ಮ ತಟ್ಟಿದ ಮೇಲೆ ಪ್ಯಾಕಿಂಗಿನ ಹೆಂಗಸರು ಮತ್ತೊಮ್ಮೆ ನೋಡಬೇಕು. ಅವರೆಲ್ಲ ಮನೆಗೆ ಹೊರಡುವುದು ಅರ್ಧ ಗಂಟೆ ತಡ.

"ಸತ್ಯ ಹೇಳೋಳು ನೀನು, ಬಸ್ಸು ತಪ್ಪಿಸ್ಕೊಳ್ಳೋರು ನಾವು" ಎಂದು ಮೂದಲಿಸಿದ್ದು ಭವಾನಿ, ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು. ಲೂರ್ದಮ್ಮ ಬಂದರೆ "ದೇವರ ಸೊಸೆ ಬಂದ್ಲು, ಜಾಗ ಬಿಡ್ರೇ" ಎಂದು ಈಗಲೂ ಯಾರೋ ನಗುತ್ತಾರೆ. ಮಧ್ಯಾಹ್ನ ಅವರು ಖಾಲಿ ಬುಟ್ಟಿಗಳ ಪಕ್ಕ ಕೂತು ಒಬ್ಬರೇ ಚಿತ್ರಾನ್ನ ತಿನ್ನುತ್ತಾರೆ.

ಪುಟ್ಟಯ್ಯನನ್ನು ಮತ್ತೆ ಕರೆಸಲು ಮ್ಯಾನೇಜರ್ ಒಪ್ಪಿದ್ದರು. ಅಷ್ಟು ಹೊತ್ತಿಗೆ ಅವನು ಶಿವಮೊಗ್ಗದ ವಿನೋಬನಗರದಲ್ಲಿ ವಾಚ್‌ಮನ್ ಆಗಿದ್ದ. ಲೂರ್ದಮ್ಮ ಹುಡುಕಿಕೊಂಡು ಹೋಗಿ, ಗೇಟಿನ ಆಚೆ ನಿಂತೇ ತಪ್ಪೊಪ್ಪಿಕೊಂಡರು, ಕೆಲಸಕ್ಕೆ ಕರೆದರು. ಅವನು ಪೂರ್ತಿ ಕೇಳಿಸಿಕೊಂಡ. ಗೇಟಿನ ಚಿಲಕ ಹಾಕಿ ಒಳಗೆ ಹೋದ.

ಆ ಭಾನುವಾರ ಅವರು ಸಾಲಿನಲ್ಲಿ ಕೊನೆಯವರಾಗಿ ನಿಂತು ಪ್ರಸಾದ ತಗೊಂಡರು. ಬಸ್ಸಿನ ಮಾತು ಮತ್ತೆ ಶುರುವಾಗಿದೆ. ಒಳ್ಳೆಯವಳಾಗಿದ್ದಕ್ಕೆ ದೇವರು ಹತ್ತಿರ ಬಂದನೇ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ. "ಅದೇನು ಕೂಲಿನಾ? ಮುಚ್ಚಿಡೋದು ಏನೂ ಇಲ್ಲದಿದ್ರೆ ಅವನ ಹತ್ರ ಕೂರೋಕೆ ಹಗುರ, ಅಷ್ಟೆ."

ಆರು ತಿಂಗಳಿಗೊಮ್ಮೆ ವಿನೋಬನಗರಕ್ಕೆ ಹೋಗಿಬರುತ್ತಾರೆ. ಪುಟ್ಟಯ್ಯ ನೋಡಿಯೂ ನೋಡದಂತೆ ಇರುತ್ತಾನೆ. ಅವನು ಕ್ಷಮಿಸಲಿ ಎಂಬ ಆಸೆಯೇ ಎಂದು ಕೇಳಿದರೆ ಲೂರ್ದಮ್ಮ ಸುತ್ತಿಗೆಯನ್ನು ಮಡಿಲಲ್ಲಿಟ್ಟು ಸೆರಗಿನಿಂದ ಒರೆಸುತ್ತಾರೆ.

"ಅಷ್ಟು ದೊಡ್ಡದು ಕೇಳಲ್ಲ. ಒಂದ್ಸಲ ಬಾಯ್ತುಂಬ ಬೈದುಬಿಡ್ಲಿ. ಬೈದ್ರೆ ಮಾತಾಡ್ದಂಗಾಯ್ತಲ್ಲ."