ನೀರು ಹೊಯ್ದು ಒಳಗೆ ತಂದ ಕುಡುಪು

ಕಳೆದ ಭಾನುವಾರ ಸಂಜೆ ವಾಮಂಜೂರಿನ ನಮ್ಮ ಬಡಾವಣೆಯ ಸಮಿತಿ ಊರಿನ ಹಳೆಯ ಮನೆವಸ್ತುಗಳ ಪ್ರದರ್ಶನ ನಡೆಸಲು ತೀರ್ಮಾನಿಸಿತು. ಸಭೆಯ ಮೇಜಿನ ಮೇಲೆ ಯಾರೋ ಒಂದು ಕುಡುಪು ತಂದಿಟ್ಟಿದ್ದರು. ಅನ್ನ ಬಸಿಯಲು ಕಾಡುಬಳ್ಳಿಯಲ್ಲಿ ಹೆಣೆದ ಬುಟ್ಟಿ ಅದು. ಒಣಬಳ್ಳಿಯ ವಾಸನೆ, ಅದರೊಳಗೆ ಹಳೆಯ ಗಂಜಿತಿಳಿಯ ಹುಳಿ. ಈಗ ಫ್ಲ್ಯಾಟುಗಳಿರುವ ಜಾಗದಲ್ಲಿದ್ದ ನಮ್ಮ ಮನೆ, ಹೊಗೆ ಹಿಡಿದ ಅಡುಗೆಮನೆ, ಸಂಜೆಯ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ಕೂರಿಸುತ್ತಿದ್ದ ಅಜ್ಜಿ, ಎಲ್ಲವೂ ಆ ವಾಸನೆಯಲ್ಲಿತ್ತು.

ಆ ಮನೆಗೆ ಕುಡುಪು ತರುತ್ತಿದ್ದವಳು ಕೊರಗ ಸಮುದಾಯದ ತುಕ್ರು. ಗದ್ದೆಯ ಅಂಚಿನ ಕಟ್ಟೆಯಿಂದ ಈಚೆ ಅವಳು ಬರುತ್ತಿರಲಿಲ್ಲ. ಅಲ್ಲಿಂದಲೇ "ಬಾಯಮ್ಮಾ, ತುಕ್ರು ಬೈದೆ" ಎಂದು ತಾನು ಬಂದದ್ದನ್ನು ತಿಳಿಸಿ, ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಅಜ್ಜಿ ಅದರ ಮೇಲೆ ಒಂದು ಕೊಡ ನೀರು ಹೊಯ್ದು ಒಳಗೆ ಒಯ್ಯುತ್ತಿದ್ದರು. ತುಕ್ರುವಿನ ಗಂಜಿ ಅಡಿಕೆ ಹಾಳೆಯಲ್ಲಿ, ಕಟ್ಟೆಯ ಆಚೆ. ನೀರು ಏಕೆಂದು ಕೇಳಿದರೆ "ಧೂಳು ಉಂಟು ಮಗಾ" ಎನ್ನುತ್ತಿದ್ದರು. ಅದೇ ಧೂಳಿನ ದಾರಿಯಲ್ಲಿ ಬಂದ ಮೀನಿನ ಬುಟ್ಟಿ ನೇರ ಅಡುಗೆಮನೆಯ ಮೆಟ್ಟಿಲಿಗೆ ಬರುತ್ತಿತ್ತು. ಅಜ್ಜಿ ಕಠಿಣ ಹೃದಯದವರಲ್ಲ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ನಿದ್ದೆಗೆಟ್ಟು ಕೂರುವವರು. ತುಕ್ರು ಹೆಣೆದ ಬುಟ್ಟಿಯಲ್ಲಿ ಬಸಿದ ಅನ್ನವನ್ನು ನಮಗೆ ಪ್ರೀತಿಯಿಂದ ಬಡಿಸಿದವರು ಅವರೇ.

ಸಭೆಗೆ ತುಕ್ರುವಿನ ಮೊಮ್ಮಗಳು ಸುಶೀಲಾಳನ್ನು ಕರೆದಿದ್ದರು. ಪಡೀಲಿನಲ್ಲಿ ಮನೆ, ಆಸ್ಪತ್ರೆಯಲ್ಲಿ ನರ್ಸ್. ಡ್ಯೂಟಿ ಮುಗಿಸಿ ನೇರ ಬಂದಿದ್ದಳು.

"ಸಿಸ್ಟರ್, ನೀವು ವೇದಿಕೆಯಲ್ಲಿ ಕೂತು ಒಂದು ಬುಟ್ಟಿ ಹೆಣೆದು ತೋರಿಸ್ಬೇಕು. ಮಕ್ಕಳಿಗೆ ಗೊತ್ತಾಗ್ತದೆ" ಎಂದರು ಕಾರ್ಯದರ್ಶಿ.

"ಹೆಣೀಲಿಕ್ಕೆ ನನಗೆ ಬರುದಿಲ್ಲ ಸರ್. ಮಾತಾಡ್ಲಿಕ್ಕೆ ಬರ್ತದೆ. ಐದು ನಿಮಿಷ ಮೈಕ್ ಕೊಡಿ. ನನ್ನ ಅಜ್ಜಿ ಎಲ್ಲಿ ನಿಲ್ತಿದ್ರು, ಎಂತದ್ರಲ್ಲಿ ಉಣ್ತಿದ್ರು ಅಂತ ಹೇಳ್ತೇನೆ."

"ಅದೆಲ್ಲ ಈಗ ಎಂತಕ್ಕೆ? ನಮ್ಮ ಊರಲ್ಲಿ ಹಾಗೆಲ್ಲ ಇರ್ಲೇ ಇಲ್ಲ. ನಾವೆಲ್ಲ ಒಂದೇ."

"ಇತ್ತು, ನಮ್ಮ ಮನೆಯಲ್ಲೇ ಇತ್ತು" ಎಂದೆ ನಾನು.

"ಪೇಪರಿನಿಂದ ರಿಟೈರ್ ಆದ್ರೂ ನಿಮ್ಮ ಬುದ್ಧಿ ರಿಟೈರ್ ಆಗ್ಲಿಲ್ಲವಾ ಮಾರಾಯ್ರೆ" ಎಂದರು ಅವರು. ಎಲ್ಲರೂ ನಕ್ಕರು. ಒಳ್ಳೆಯ ಜನ; ಜಾತಿ ನೋಡದೆ ಮನೆ ಬಾಡಿಗೆಗೆ ಕೊಡುವವರು, ರಕ್ತ ಕೊಡುವವರು. ಇಷ್ಟು ಮಾಡಬಲ್ಲವರಿಗೆ ಐದು ನಿಮಿಷ ಕೇಳಿಸಿಕೊಳ್ಳಲು ಏಕೆ ಆಗದೆಂಬುದು ನನಗೆ ಅರ್ಥವಾಗಲಿಲ್ಲ. ಸುಶೀಲಾ ನಗಲಿಲ್ಲ. "ನನಗೆ ಹೆಣೀಲಿಕ್ಕೆ ಬರುದಿಲ್ಲ" ಎಂದು ಇನ್ನೊಮ್ಮೆ, ನಿಧಾನವಾಗಿ ಹೇಳಿ ಎದ್ದು ಹೋದಳು.

ಗುರುವಾರ ಆಮಂತ್ರಣ ವಾಟ್ಸಾಪಿನಲ್ಲಿ ಬಂತು. ಮಾತನಾಡುವವರು ನಾಲ್ವರು, ಅವರಲ್ಲಿ ಸುಶೀಲಾ ಇಲ್ಲ. ಅವರ ಹೆಸರುಗಳ ಕೆಳಗೆ ಹೀಗಿದೆ: ಬುಟ್ಟಿ ಹೆಣಿಗೆಯ ಪ್ರಾತ್ಯಕ್ಷಿಕೆ, ಶ್ರೀಮತಿ ಸುಶೀಲಾ.