ಗೆಳೆಯನ ಹೆಸರಿಗೆ ನಾನು ಸೇರಿಸಿದ ಉಲ್ಲೇಖಗಳು

2002ರ ಮಾತು. ಆಗ ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಒಂದು ದಿನ ಪ್ರಾಚಾರ್ಯರು ಕರೆದು, "ನಿಮ್ಮ ದೋಸ್ತ ಪಾಟೀಲರು ಊರಿಗೆ ಬರಾಕತ್ತಾರ್ರಿ. ನಮ್ಮಲ್ಲೇ ಕಲಿತು ದೊಡ್ಡ ವಿಜ್ಞಾನಿ ಆದವ್ರು, ಒಂದು ಸತ್ಕಾರ ಇಟ್ಕೊಳ್ಳೂಣು. ಪರಿಚಯ ನೀವೇ ಮಾಡ್ಬೇಕು" ಎಂದರು. ಆಗಲಿ ಸರ್ ಅಂದೆ.

ಅಪ್ಪಾಸಾಹೇಬ ಪಾಟೀಲ ಮೂಡಲಗಿಯ ಜೈನ ಒಕ್ಕಲುತನದ ಮನೆಯವನು. ನಾನು ಹುಕ್ಕೇರಿ ತಾಲೂಕಿನ ಹತ್ತರಗಿಯವನು. ಬಿ.ಎಸ್ಸಿ.ಗೆ ಗೋಕಾಕದಲ್ಲಿ ಒಂದೇ ಖೋಲಿಯಲ್ಲಿದ್ದೆವು, ಎಂ.ಎಸ್ಸಿ.ಗೆ ಧಾರವಾಡದಲ್ಲಿ ಒಂದೇ ಬೆಂಚಿನಲ್ಲಿ. ಕೊನೆಯ ಪರೀಕ್ಷೆಯಲ್ಲಿ ನನಗೇ ಅವನಿಗಿಂತ ಹೆಚ್ಚು ಅಂಕ ಬಂದಿದ್ದವು. ಇದನ್ನು ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೋ, ಅವಳಿಗೇ ಗೊತ್ತು. ಆಮೇಲೆ ನಾನು ನೌಕರಿ ಹಿಡಿದೆ, ಅವನು ಸಂಶೋಧನೆಗೆ ಹೋದ. ಅವನ ವಿಷಯ ಲೇಸರ್ ಸ್ಪೆಕ್ಟ್ರೋಸ್ಕೋಪಿ. ವಸ್ತುವಿನ ಮೇಲೆ ಲೇಸರ್ ಹಾಯಿಸಿ, ಅದರಿಂದ ಹೊರಡುವ ಬೆಳಕನ್ನು ಬಿಡಿಸಿ ನೋಡಿ, ಅದರೊಳಗೆ ಏನೇನಿದೆ ಎಂದು ಹೇಳುವ ವಿದ್ಯೆ ಅದು. ವರ್ಷಕ್ಕೆ ನಾಲ್ಕೈದು ಪ್ರಬಂಧ ಪ್ರಕಟಿಸುತ್ತಿದ್ದ. ಪ್ರತಿಯೊಂದನ್ನೂ ತಪ್ಪದೆ ನನಗೆ ಅಂಚೆಯಲ್ಲಿ ಕಳಿಸುತ್ತಿದ್ದ. ನಾನು ಲಕೋಟೆ ಒಡೆಯದೆ ಕಪಾಟಿನ ಮೇಲೆ ಎಸೆಯುತ್ತಿದ್ದೆ. ನಾನು ಬರೆದದ್ದು ಒಂದೇ ಒಂದು, ಅದೂ ಎಂ.ಫಿಲ್.ಗಾಗಿ.

ಪ್ರಾಚಾರ್ಯರಿಗೆ ಪ್ರಬಂಧಗಳ ಸಂಖ್ಯೆಯೊಂದೇ ಸಾಕಾಗಲಿಲ್ಲ. "ಬ್ಯಾರೆ ವಿಜ್ಞಾನಿಗಳು ಇವರ ಪ್ರಬಂಧಾನ ಎಷ್ಟು ಸಲ ಉಲ್ಲೇಖ ಮಾಡ್ಯಾರ, ಅದನ್ನೂ ಆಮಂತ್ರಣ ಪತ್ರಿಕಾದಾಗ ಹಾಕೂಣ್ರಿ. ತೂಕ ಬರ್ತೈತಿ" ಎಂದರು.

ಅದನ್ನು ಹುಡುಕಲು ಧಾರವಾಡದ ಗ್ರಂಥಾಲಯಕ್ಕೆ ಹೋದೆ. ಯಾರ ಪ್ರಬಂಧವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತಿಳಿಸುವ ದಪ್ಪ ಸಂಪುಟಗಳು ಅಲ್ಲಿದ್ದವು. ಖರೆ ಹೇಳುತ್ತೇನೆ, ಹತ್ತೋ ಹದಿನೈದೋ ಇರಲಿ, ಹೆಚ್ಚು ಇರದಿರಲಿ ಎಂದು ಬೇಡಿಕೊಂಡೇ ಪುಟ ತೆರೆದೆ. ಪಾಟೀಲ, ಮುಂದೆ ಅವನ ಎರಡು ಇನಿಷಿಯಲ್, ಕೆಳಗೆ ಇರುವೆ ಸಾಲಿನಂಥ ಅಕ್ಷರಗಳು. ಒಂದು ಕಾಲಂ ಮುಗಿದು ಎರಡನೆಯದು ಶುರುವಾಯಿತು. ಭೂತಗನ್ನಡಿ ಹಿಡಿದು ಎಣಿಸುತ್ತಲೇ ಹೋದೆ.

ಎರಡನೆಯ ದಿನ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಅರ್ಧಕ್ಕರ್ಧ ಉಲ್ಲೇಖಗಳು ಕಬ್ಬಿನ ಕೊಳೆರೋಗದ ಪ್ರಬಂಧಗಳಿಗೆ ಬಂದಿದ್ದವು. ಅದೇ ಇನಿಷಿಯಲ್ಲಿನ ಇನ್ನೊಬ್ಬ ಪಾಟೀಲ, ಯಾರೋ ಕೃಷಿ ವಿಜ್ಞಾನಿ. ನಮ್ಮ ಕಡೆ ಓಣಿಗೆ ನಾಲ್ಕು ಮಂದಿ ಪಾಟೀಲರು. ಸಂಪುಟ ಮಾಡಿದ ಪರದೇಶದವರಿಗೆ ಅದು ಹೇಗೆ ತಿಳಿಯಬೇಕು?

ನಾನು ಆ ಅರ್ಧವನ್ನು ಬಿಡಬೇಕಿತ್ತು. ಬಿಡಲಿಲ್ಲ. ಬೇಕೆಂದೇ ಎಲ್ಲವನ್ನೂ ಕೂಡಿಸಿ ಆಮಂತ್ರಣ ಪತ್ರಿಕೆಗೆ ಕೊಟ್ಟೆ. ಅಷ್ಟು ದೊಡ್ಡ ಸಂಖ್ಯೆ ಕೇಳಿ ಅಪ್ಪಾಸಾಹೇಬ ಉಬ್ಬಿ ಕುಳಿತಿರುತ್ತಾನೆ, ಪ್ರಶ್ನೋತ್ತರದ ಹೊತ್ತಿಗೆ ನಾನು ಎದ್ದು, "ಕಬ್ಬಿನ ರೋಗದ ಮೇಲೆ ಯಾವಾಗ ಸಂಶೋಧನೆ ಮಾಡಿದಿರಿ?" ಎಂದು ಏನೂ ಅರಿಯದವನಂತೆ ಕೇಳಬೇಕು. ಕೂಡಿದವರೆಲ್ಲ ಕಬ್ಬು ಬೆಳೆಯುವ ಮಂದಿ, ಬಿದ್ದು ಬಿದ್ದು ನಗುತ್ತಾರೆ. ನನ್ನನ್ನು ಕೇಳಿದರೆ ತಪ್ಪು ಸಂಪುಟದ್ದು ಎಂದು ಕೈ ತೊಳೆದುಕೊಳ್ಳಬಹುದು. ಬಸ್ಸಿನಲ್ಲಿ ಗೋಕಾಕ ಮುಟ್ಟುವವರೆಗೂ ಈ ಪ್ರಶ್ನೆಯನ್ನೇ ತಿದ್ದಿ ತಿದ್ದಿ ಇಟ್ಟುಕೊಂಡೆ.

ಸತ್ಕಾರದ ದಿನ ಸಭಾಗೃಹ ತುಂಬಿತ್ತು. ಅಪ್ಪಾಸಾಹೇಬ ಬಂದವನೇ ನನ್ನನ್ನು ತಬ್ಬಿಕೊಂಡ. ಅವನಿಗೆ ಶಾಲು, ಹಾರ, ರುಮಾಲು ಎಲ್ಲ ಆಯಿತು. ನಾನು ಪರಿಚಯ ಓದಿದೆ, ಉಲ್ಲೇಖಗಳ ಸಂಖ್ಯೆಯನ್ನು ಎರಡು ಸಲ ಒತ್ತಿ ಹೇಳಿದೆ. ಚಪ್ಪಾಳೆ ಬಿತ್ತು. ಅವನು ಪತ್ರಿಕೆ ತೆಗೆದು ನೋಡಿದ, ಎದ್ದು ನಿಂತ.

"ಪತ್ರಿಕಾದಾಗಿನ ಈ ಸಂಖ್ಯಾ ನನ್ನದಲ್ರಿ" ಎಂದ. "ನನ್ನ ಹೆಸರಿನವರೇ ಇನ್ನೊಬ್ರು ಅದಾರ, ಕಬ್ಬಿನ ರೋಗದ ಮ್ಯಾಲೆ ಭಾಳ ಚಲೋ ಕೆಲಸ ಮಾಡ್ಯಾರ. ನೀವು ಹೊಡೆದ ಚಪ್ಪಾಳ್ಯಾಗ ಅರ್ಧಾ ಅವರದು." ಜನ ನಕ್ಕರು. ಅವನು ನನ್ನ ಕಡೆ ತಿರುಗಿದ. "ಇದು ಹೆಂಗಾತು ಅಂತ ಹೇಳ್ತೇನಿ. ಈ ನನ್ನ ಗೆಳ್ಯಾಗ ನನ್ನ ಮ್ಯಾಲೆ ಅಷ್ಟು ಪ್ರೀತಿ, ಅಷ್ಟು ಮಾಯಾ. ಪಾಟೀಲ ಅಂತ ಕಂಡದ್ದನ್ನೆಲ್ಲಾ ತಂದು ನನ್ನ ಉಡ್ಯಾಗ ಹಾಕ್ಯಾನ."

ಸಭೆಯೆಲ್ಲ ನನ್ನತ್ತ ತಿರುಗಿ ಚಪ್ಪಾಳೆ ಹೊಡೆಯಿತು. ಪ್ರಾಚಾರ್ಯರಿಗಂತೂ ಎಲ್ಲಿಲ್ಲದ ಖುಷಿ. ಇಂಥ ಗೆಳೆತನ ಎಲ್ಲಿ ಸಿಗಬೇಕು ಎನ್ನುತ್ತ ಇನ್ನೊಂದು ಹಾರ ತರಿಸಿ, ಅವನ ಕೈಯಿಂದಲೇ ನನ್ನ ಕೊರಳಿಗೆ ಹಾಕಿಸಿದರು. ಹಾಕುವಾಗ ಅವನು ನನಗಷ್ಟೇ ಕೇಳುವಂತೆ, "ಕಬ್ಬಿಂದು ನಿನಗ ಕಾಣಲಿಲ್ಲೇನೋ?" ಎಂದ.

"ಇಲ್ಲೋ" ಎಂದೆ.

"ಆಗ್ಲಿ ಬಿಡು" ಎಂದು ಬೆನ್ನು ತಟ್ಟಿದ. ಅವನಿಗೆ ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ತಿಳಿದಿಲ್ಲ. ಕೇಳುವ ಧೈರ್ಯವೂ ಆಗಿಲ್ಲ.

ಅವನ ಪ್ರಬಂಧಗಳ ಮೇಲಿನ ಹೊಟ್ಟೆಕಿಚ್ಚು ಅಂದೇ ಆರಿತು ಎಂದರೆ ಸುಳ್ಳಾದೀತು. ಈಗಲೂ ಇದೆ. ಆದರೆ ತುಂಬಿದ ಸಭೆಯಲ್ಲಿ ನಗುನಗುತ್ತ ಇದು ನನ್ನದಲ್ಲ ಎಂದುಬಿಟ್ಟನಲ್ಲ, ಅದನ್ನು ನೆನೆದರೆ ಹೆಚ್ಚು ಉರಿಯುತ್ತದೆ. ಅವನಿಗೆ ಅದಕ್ಕೆ ಒಂದು ನಿಮಿಷವೂ ಬೇಕಾಗಲಿಲ್ಲ. ನನ್ನ ಕೊರಳಿಗೆ ಬಿದ್ದ ಹಾರ ನನ್ನದಲ್ಲ ಎಂದು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು.