ಟೈಲರಕ್ಕನ ಪ್ಲೈವುಡ್ ಹಗೆ

ಟೈಲರಕ್ಕ ದೊಡ್ಡ ಪಾತ್ರೆ ತೆಗೆಯಲು ಕೈ ಚಾಚಿದ್ದೇ ತಡ, ಸಿಂಕಿನ ಪಕ್ಕದ ಕಪಾಟು ಕೀಲು ಸಮೇತ ಕಿತ್ತುಕೊಂಡು ಬಿತ್ತು. ಒಳಗಿದ್ದ ಸ್ಟೀಲ್ ಡಬ್ಬಿಗಳೆಲ್ಲ ಅವಳ ಬಲಗೈ ಮೇಲೆ. ಹೆಬ್ಬೆರಳು ಮುರಿಯಿತು. ಕತ್ತರಿ ಹಿಡಿದು ಬದುಕುವವಳು ಅವಳು. ಬಿದ್ದ ಹಲಗೆಯನ್ನು ಎಡಗೈಯಲ್ಲೇ ಎತ್ತಿ ನೋಡಿದಳು. ಅದರ ಅಂಚು ನೀರಲ್ಲಿ ನೆನೆದ ರಸ್ಕಿನಂತೆ ಪದರ ಪದರವಾಗಿ ಬಿಟ್ಟುಕೊಂಡಿತ್ತು.

ಕಪಾಟು ಮಾಡಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಅಂದು ಬಡಗಿಯ ಮಾತು ಬೆಣ್ಣೆಯಂತಿತ್ತು. "ಅಂಗಡಿ ಬಿಸಿಲು ನಿಮಗ್ಯಾಕಕ್ಕ? ನಿಮ್ಮನ್ನ ನೋಡಿದ್ರೆ ರೇಟು ಏರಿಸ್ತಾರೆ. ಪ್ಲೈವುಡ್ಡು, ಕೀಲು, ಅಂಟು ಎಲ್ಲ ನಾನೇ ತರ್ತೀನಿ. ನೀರಿಗೆ ಜಗ್ಗದ ಮಾಲು." ಅವಳು ಹೂಂ ಅಂದಿದ್ದಳು. ತನ್ನ ಕಸುಬಿನಲ್ಲಿ ಮಾತ್ರ ಅವಳ ಮಾತು ಬೇರೆ: ಬಟ್ಟೆ ನಿಮ್ಮದು, ಹೊಲಿಗೆ ನನ್ನದು.

ಹೇಳಿ ಕಳಿಸಿದ ಮೇಲೆ ಬಡಗಿ ಬಂದ. ಅಕ್ಕಪಕ್ಕದವರೆಲ್ಲ ನೆರೆದಿದ್ದರು. ಹಲಗೆಯನ್ನು ಅತ್ತ ಇತ್ತ ತಿರುಗಿಸಿ, "ಬಕೆಟ್‌ಗಟ್ಟಲೆ ನೀರು ಎರಚಿದ್ರೆ ಕಬ್ಬಿಣಾನೂ ಕೊಳೆಯುತ್ತೆ. ಒಂದು ಕಪಾಟು ಇಟ್ಕೊಳ್ಳೋಕೆ ಬರಲ್ವಲ್ಲಕ್ಕ ನಿಮಗೆ" ಎಂದು ನಕ್ಕ. ಬೆರಳಿನ ನೋವನ್ನು ಅವಳು ಹೇಗೋ ನುಂಗಿಕೊಂಡಳು. ಆ ನಗು ಮಾತ್ರ ಗಂಟಲಲ್ಲಿ ಮುಳ್ಳಾಗಿ ನಿಂತಿತು.

"ಹೋಗ್ಲಿ ಬಿಡೇ" ಎಂದ ಗಂಡ. ನಿವೃತ್ತ ಬಸ್ ಡ್ರೈವರ್. ಜಗಳ ಕಂಡರೆ ದಾರಿ ಬದಲಿಸುವ ಆಸಾಮಿ.

"ಅವನ ಹೊಟ್ಟೆ ಮೇಲೆ ಹೊಡೀದೆ ಬಿಡಲ್ಲ ನಾನು."

ಹೊಲಿಗೆ ಮೆಷಿನ್ನಿಗೆ ಮುಸುಕು ಹಾಕಿದ್ದಾಗಿತ್ತು. ಸಿಕ್ಕ ಪುರುಸೊತ್ತನ್ನೆಲ್ಲ ಅವಳು ಹಗೆ ತೀರಿಸಿಕೊಳ್ಳುವುದಕ್ಕೇ ಮೀಸಲಿಟ್ಟಳು. ಪ್ಲೈವುಡ್ ಅಂಗಡಿಗಳನ್ನು ಸುತ್ತಿ, ತುಂಡುಗಳನ್ನು ಕೇಳಿ ತಂದು, ಯಾವುದು ನೀರಿಗೆ ತಡೆಯುತ್ತದೆಂದು ಹಳೇ ಪಾತ್ರೆಯಲ್ಲಿ ಕುದಿಸಿ ನೋಡಿದಳು. ಕೆಲವು ಬಾಯಿಬಿಟ್ಟವು, ಕೆಲವು ಗಟ್ಟಿಯಾಗಿ ನಿಂತವು. ಮನೆಯೆಲ್ಲ ಅಂಟಿನ ವಾಸನೆ. ಗಂಡ ಚಹಾ ಕುಡಿಯಲು ಹೊರಗೆ ಹೋಗತೊಡಗಿದ. ಹೀಗೆ ಸುತ್ತುವಾಗಲೇ ಒಬ್ಬ ಅಂಗಡಿಯವನು ಬಾಯಿಜಾರಿ ಹೇಳಿಬಿಟ್ಟ: ಬಡಗಿ ಒಯ್ಯುತ್ತಿದ್ದದ್ದು ಕಳಪೆ ಮಾಲು, ಮನೆಯವರಿಗೆ ಹೇಳುತ್ತಿದ್ದದ್ದು ಒಳ್ಳೆ ಮಾಲಿನ ಬೆಲೆ.

ಅಂದಿನಿಂದ ಬಡಗಿ ಯಾವ ಮನೆಗೆ ಅಳತೆ ತೆಗೆಯಲು ಹೋದರೂ ಬೆನ್ನ ಹಿಂದೆಯೇ ಟೈಲರಕ್ಕ ಹಾಜರು. ಬ್ಯಾಂಡೇಜಿನ ಕೈ ಎತ್ತಿ ತೋರಿಸಿ, "ಕೆಲಸ ಇವನ ಹತ್ರಾನೇ ಮಾಡಿಸಿ, ಕೈಕೆಲಸ ಚೆನ್ನಾಗಿದೆ. ಸಾಮಾನು ಮಾತ್ರ ನೀವೇ ತನ್ನಿ, ಜೊತೆಗೆ ನಾನು ಬರ್ತೀನಿ" ಎನ್ನುತ್ತಿದ್ದಳು. ಕೆಲಸವನ್ನೇ ತಪ್ಪಿಸಿದ್ದರೆ ಅವನು ಬೇರೆ ಕಡೆ ಹೋಗಿ ಬದುಕಿಕೊಳ್ಳುತ್ತಿದ್ದ. ಇಲ್ಲೇ, ಕಣ್ಣೆದುರಿಗೇ, ಬರೀ ಕೂಲಿಗೆ ಬೆವರು ಸುರಿಸುವುದನ್ನು ಅವಳು ನೋಡಬೇಕಿತ್ತು. ನೋಡಿದಳು. ಅವನ ಬೈಕು ಮಾಯವಾಗಿ ಸೈಕಲ್ ಬಂದ ದಿನ ಅವಳಿಗೆ ಊಟ ಎರಡು ತುತ್ತು ಹೆಚ್ಚೇ ಸೇರಿತು.

ಆಮೇಲೆ ಎದುರು ಮನೆಯ ನರ್ಸಮ್ಮ ನೆಲದಿಂದ ಸೂರಿನವರೆಗೆ ಬಟ್ಟೆಯ ಕಪಾಟು ಮಾಡಿಸಲು ಹೊರಟಳು. ಹಲಗೆ ಆರಿಸಿದ್ದು ಟೈಲರಕ್ಕ. ಕುದಿಸಿದರೂ ಬಾಯಿಬಿಡದ ಮಾಲು. ಬಾಗಿಲು ಹಗುರವಾಗಿರಲಿ ಎಂದು ಅದರಲ್ಲೇ ತೆಳುವಾದದ್ದನ್ನು ತಂದಳು. ಬಡಗಿ ಹಲಗೆಯ ಅಂಚನ್ನು ಬೆರಳಲ್ಲಿ ಸವರಿದ. ಅವಳ ಮುಖವನ್ನೊಮ್ಮೆ ನೋಡಿದ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೆರೆ ಎಳೆಯಲು ಕೂತ.

ಬೇಸಿಗೆ ಕಳೆಯುವಷ್ಟರಲ್ಲಿ ಬಾಗಿಲುಗಳು ಬಿಲ್ಲಿನಂತೆ ಬಾಗಿದವು. ಒಂದನ್ನು ಒತ್ತಿ ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು. ನರ್ಸಮ್ಮ ಇಬ್ಬರನ್ನೂ ಕರೆಸಿದಳು.

"ಕೊಯ್ದಿದ್ದು ನೇರ, ಕೀಲು ನೇರ. ಸಾಮಾನು ಅಕ್ಕಂದು, ಕೆಲಸ ನಂದು" ಎಂದ ಬಡಗಿ. "ಇಷ್ಟೆತ್ತರದ ಬಾಗಿಲಿಗೆ ದಪ್ಪ ಹಲಗೆ ಬೇಕು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?" ಎಂದಳು ಟೈಲರಕ್ಕ.

"ನೀವು ಕೇಳಿದ್ರಾ? ಸಾಮಾನಿನ ವಿಷಯ ನಂಗೆ ಬಿಡಬೇಡಿ ಅಂತ ಬೀದಿಗೆಲ್ಲ ಸಾರಿದ್ದು ಯಾರು?"

ಅವಳಿಗೆ ಮುಖಕ್ಕೆ ಹೊಡೆದಂತಾಯಿತು. ಈ ಪಟ್ಟು ಅವಳಿಗೆ ಹೊಸದಲ್ಲ. ಚೌಕಾಸಿ ಮಾಡಿ ಜೀವ ತಿಂದ ಗಿರಾಕಿಯೊಬ್ಬಳು ಬಣ್ಣ ಬಿಡುವ ಬಟ್ಟೆ ತಂದಾಗ, ತಾನೂ ಹೀಗೇ ತೆಪ್ಪಗೆ ಹೊಲಿದು ಕೊಟ್ಟಿದ್ದಳು.

ನರ್ಸಮ್ಮನಿಗೆ ಇವರ ಹಗೆಯಿಂದ ಏನಾಗಬೇಕು? "ನಿಮ್ಮಿಬ್ರನ್ನೂ ನಾನು ನಂಬಲ್ಲ. ಒಟ್ಟಿಗೇ ಹೋಗಿ, ಒಟ್ಟಿಗೇ ತನ್ನಿ. ಬಾಗಿಲಿನ ಖರ್ಚು ಅರ್ಧ ಅರ್ಧ ನಿಮ್ಮದೇ. ದಾರೀಲಿ ಕಿತ್ತಾಡ್ಕೊಳ್ಳಿ ಬೇಕಾದ್ರೆ."

ಅಂಗಡಿಯಲ್ಲಿ ಅವನು ಒಂದು ಹಲಗೆ ಎಳೆದರೆ ಇವಳು "ನೀರು ಕುಡಿಯುತ್ತೆ" ಎಂದಳು. ಇವಳು ಒಂದನ್ನು ತೋರಿಸಿದರೆ ಅವನು ಒಂದು ಕಣ್ಣು ಮುಚ್ಚಿ ಅಂಚು ನೋಡಿ, "ಒಳಗೆ ಪೊಳ್ಳು" ಎಂದ. ಅವಳನ್ನು ಸೋಲಿಸಲು ಅವನು, ಅವನನ್ನು ಸೋಲಿಸಲು ಅವಳು. ಅಂಗಡಿಯವನು ಬೆವರಿಳಿಸಿಕೊಂಡು ಗೋದಾಮನ್ನೇ ಬಗೆದ. ಕೊನೆಗೆ ಇಬ್ಬರಿಗೂ ತಪ್ಪು ಸಿಗದ ಹಲಗೆಗಳು ಹೊರಬಂದವು. ನರ್ಸಮ್ಮನ ಹೊಸ ಬಾಗಿಲುಗಳು ಇಂದಿಗೂ ಕೂದಲೆಳೆಯಷ್ಟೂ ಬಾಗಿಲ್ಲ. ಅದನ್ನು ಕಂಡವರು ತಮ್ಮ ಮನೆಯ ಸಾಮಾನಿಗೂ ಈ ಜೋಡಿಯನ್ನೇ ಅಂಗಡಿಗೆ ಕಳಿಸತೊಡಗಿದರು.

ಒಮ್ಮೆ ಅಂಗಡಿಯಿಂದ ಬರುವಾಗ ಬಡಗಿ ಸೈಕಲ್ ನಿಲ್ಲಿಸಿ, ನೆಲ ನೋಡುತ್ತ, "ಅಕ್ಕ, ನಿಮ್ಮ ಅಡುಗೆಮನೇದು ಮತ್ತೆ ಮಾಡಿಕೊಡ್ತೀನಿ. ಕೂಲಿ ಬೇಡ" ಎಂದ. ಅವಳು ನಿಲ್ಲದೆ ನಡೆದಳು.

"ಪಾಪ, ಅವನಾಗೇ ಕೇಳ್ದ. ಕ್ಷಮಿಸಿಬಿಡ್ಬಾರದಾ?" ಎಂದ ಮನೆಯಲ್ಲಿ ವಿಷಯ ಕೇಳಿದ ಗಂಡ.

"ಕ್ಷಮಿಸಿದ್ರೆ ಅಂಗಡೀಲಿ ಅವನ ಮೇಲೆ ಕಣ್ಣಿಡೋರು ಯಾರು? ಅವನೂ ನನ್ನ ಮೇಲೆ ಹಲ್ಲು ಮಸೀತಾ ಇದ್ರೇನೇ ಕಣ್ಣು ಚುರುಕಾಗಿರುತ್ತೆ."

ಮರುದಿನ ಪಕ್ಕದ ಬೀದಿಯವರ ಮಂಚಕ್ಕೆ ಹಲಗೆ ನೋಡಬೇಕಿತ್ತು. ಅವಳು ಹೋಗುವಷ್ಟರಲ್ಲಿ ಬಡಗಿ ಆಗಲೇ ಅಂಗಡಿ ಮುಂದೆ, ಮುಖ ಆಚೆ ತಿರುಗಿಸಿಕೊಂಡು ಕಾಯುತ್ತಿದ್ದ.